ತೊಟ್ಟಿಲ ಹೊತ್ತಿಗೆ ಕುಯ್ದ ಕೈ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೋಪದ ಭರದಲ್ಲಿ ಮರೆತೇ ಹೋದೀತು. ತಲೆ ತುಂಬ ಕಪ್ಪು ಕೂದಲು, ಕಿವಿಯ ಮೇಲೂ ನವಿರು. ಅತ್ತರೆ ರೊಟೊಟೂನದ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಆಕಳಿಸಿದರೆ ನಾನು ಒಲೆಯ ಮೇಲಿನ ಹಾಲನ್ನೂ ಮರೆತು ನೋಡುತ್ತ ನಿಲ್ಲುತ್ತೇನೆ. ಚಿಕ್ಕ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಸಮುದ್ರ ದಾಟಿ ಈ ಪರದೇಶಕ್ಕೆ ಬಂದವಳು ನಾನು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವಾಗ ಅವಳು ಒದೆಯುವ ಒದೆತಕ್ಕೆ ನನ್ನ ವಯಸ್ಸೆಲ್ಲ ಇಳಿದುಹೋಗುತ್ತದೆ.

ಕೋಪ ಬಂದದ್ದು ತೊಟ್ಟಿಲ ಶಾಸ್ತ್ರದ ದಿನ.

ಭಾನುವಾರ ಬೆಳಿಗ್ಗೆ. ಇಲ್ಲಿನ ಕನ್ನಡದವರು ಒಬ್ಬೊಬ್ಬರೂ ಒಂದೊಂದು ಪಾತ್ರೆ ಹಿಡಿದು ಬಂದಿದ್ದರು. ಅಮೆರಿಕದಲ್ಲಿರುವ ದೊಡ್ಡ ಮಗಳಿಗೆ ರಜೆ ಸಿಕ್ಕಿರಲಿಲ್ಲ. ಅಲ್ಲಿ ಇನ್ನೂ ಶನಿವಾರ ಮಧ್ಯಾಹ್ನ. ಅವಳ ಮುಖ ಕಾಣುವ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ತೊಟ್ಟಿಲ ಎದುರಿಗೇ ಇಟ್ಟಿದ್ದೆವು. ಕೂಸನ್ನು ಮಲಗಿಸಿ ಹೆಸರಿಡುವ ಮುಂಚೆ ಹತ್ತಿರದವರೆಲ್ಲ ಒಂದೊಂದು ಕಾಯಿ ಒಡೆಯುವುದು ನಮ್ಮ ಮನೆಯ ರೂಢಿ.

"ಅಮ್ಮಾ, ದೊಡ್ಡಮ್ಮನ ಕಾಯಿ ನಾನಿಲ್ಲೇ ಒಡೀತೀನಿ. ನೀವು ಒಡೆದಾಗ್ಲೇ, ಒಟ್ಟಿಗೆ" ಅಂದಳು ದೊಡ್ಡವಳು ಫೋನಿನೊಳಗಿಂದ.

"ಅದೇನ್ ಹುಚ್ಚೋ ನಿಂದು. ಹುಷಾರು ಕಣೆ."

ಇಲ್ಲಿ ಚಿಕ್ಕ ಅಳಿಯ ಹಿತ್ತಿಲ ಕಲ್ಲಿಗೆ ಕುಕ್ಕಿ ಒಡೆದ. ಅವಳಿರುವುದು ನಾಲ್ಕನೇ ಮಹಡಿ. ಕಲ್ಲಿಲ್ಲ, ನೆಲಕ್ಕೆಲ್ಲ ಕಾರ್ಪೆಟ್ಟು. ಊರಲ್ಲಿ ನಾನು ಕಾಯನ್ನು ಅಂಗೈಯಲ್ಲಿ ಹಿಡಿದು ಮಚ್ಚಿನ ಹಿಂಬದಿಯಿಂದ ಹೊಡೆಯುವುದನ್ನು ಕಂಡು ಬೆಳೆದವಳು. ಮಚ್ಚಿಲ್ಲದೆ ತರಕಾರಿಯ ದೊಡ್ಡ ಚಾಕು ತೆಗೆದುಕೊಂಡಿದ್ದಾಳೆ. ಕಾಯಿ ಜಾರಿತು, ಚಾಕು ತಿರುಗಿತು. ನಮಗೆ ಕೇಳಿದ್ದು "ಹಾ" ಎಂಬ ಒಂದು ಸದ್ದು. ಆಮೇಲೆ ಫೋನಿನಲ್ಲಿ ಅವರ ಮನೆಯ ಸೂರು ಮಾತ್ರ ಕಂಡಿತು.

ಮುಖ ಮತ್ತೆ ಕಂಡಾಗ ನಗುತ್ತಿದ್ದಳು. "ಏನಿಲ್ಲಮ್ಮ, ಸ್ವಲ್ಪ ಕುಯ್ತು. ಅರಿಶಿನ, ಕಾಫಿಪುಡಿ ಎಲ್ಲ ಹಾಕಿದೀನಿ. ನೀವು ಮುಂದುವರಿಸಿ, ಹೊತ್ತು ಮೀರುತ್ತೆ." ಕೈಗೆ ಸುತ್ತಿದ್ದ ಟವೆಲ್ಲು ನೋಡನೋಡುತ್ತ ಕೆಂಪಾಗುತ್ತಿತ್ತು.

ಪಕ್ಕದ ಮನೆಯ ಮಂಗಳೂರಿನ ನರ್ಸಮ್ಮ ಪಾಯಸದ ಲೋಟ ಕೆಳಗಿಟ್ಟು ಫೋನಿನ ಹತ್ತಿರ ಬಂದರು. "ಮಗಾ, ಬಟ್ಟೆ ಸ್ವಲ್ಪ ಸರಿಸು. ಕಿರುಬೆರಳು ಮಡಚು, ನೋಡುವ."

ಮಡಚಲು ನೋಡಿದಳು. ಆಗಲಿಲ್ಲ. ಅದರ ಪಕ್ಕದ್ದೂ ಕಡ್ಡಿಯಂತೆ ನೆಟ್ಟಗೇ ನಿಂತಿತ್ತು.

"ಬೆರಳನ್ನು ಎಳೆಯುವ ದಾರದಂಥದ್ದು ಒಳಗೆ ಉಂಟು, ಅದು ತುಂಡಾಗಿದೆ. ಈಗಲೇ ಆಸ್ಪತ್ರೆಗೆ ಹೋಗು. ತಡ ಮಾಡಿದ್ರೆ ಈ ಬೆರಳುಗಳು ಮತ್ತೆ ಮಡಚುದಿಲ್ಲ."

"ಇವರು ಫೋನ್ ಮಾಡ್ತಿದಾರೆ ಆಂಟಿ."

"ಆಸ್ಪತ್ರೆಗಾ?"

"ಅಲ್ಲ. ಇನ್ಶೂರೆನ್ಸಿಗೆ."

ಆಗ ನನಗೆ ಹಿಂದಿನಿಂದ ಒಂದು ಸಂಗೀತ ಕೇಳಿಸಿತು. ದೊಡ್ಡ ಅಳಿಯನ ಕೈಯಲ್ಲಿದ್ದ ಇನ್ನೊಂದು ಫೋನಿನದು. ಕಾಯಿರಿ, ಕಾಯಿರಿ ಎಂದು ಅವರನ್ನು ಕೂರಿಸಿ ಹಾಡು ಹಾಕಿದ್ದಾರೆ. ನನ್ನ ಮಗಳ ರಕ್ತ ಸೋರುತ್ತಿದೆ, ಅಲ್ಲಿ ಪಿಟೀಲು!

"ಯಾವ ಆಸ್ಪತ್ರೆ ಇನ್ಶೂರೆನ್ಸಿನವರ ಪಟ್ಟೀಲಿದೆ ಅಂತ ಕೇಳ್ಬೇಕಮ್ಮ, ಪಟ್ಟೀಲಿಲ್ದಿದ್ರೆ ಅವರು ಕೊಡಲ್ಲ. ಹೋದ್ಸಲ ಮಗನಿಗೆ ಉಸಿರು ಕಟ್ಟಿದಾಗ ಆಸ್ಪತ್ರೆ ಪಟ್ಟೀಲಿತ್ತು, ಆಂಬುಲೆನ್ಸ್ ಇರ್ಲಿಲ್ಲ. ಆ ಬಿಲ್ಲು ಇನ್ನೂ ಕಟ್ತಾ ಇದೀವಿ."

"ತಿಂಗಳು ತಿಂಗಳು ಇನ್ಶೂರೆನ್ಸಿಗೆ ಕಟ್ತೀರಲ್ಲೇ?"

"ಕಟ್ತೀವಿ. ಆದ್ರೂ ವರ್ಷದ ಮೊದಲ ಖರ್ಚೆಲ್ಲ ನಮ್ದೇ. ಅದೊಂದು ಮಟ್ಟ ದಾಟಿದ ಮೇಲೆ ಅವರು ಕೊಡೋದು."

"ಹಂಗಾದ್ರೆ ಅಲ್ಲೀವರೆಗೂ ಅವರು ಕಡಿದು ಕಟ್ಟೆ ಹಾಕೋದೇನು?"

ಕೂತಿದ್ದವರಲ್ಲಿ ಒಬ್ಬ ಹುಡುಗ, ಇಂಜಿನಿಯರು, ಸಮಾಧಾನಕ್ಕೆಂದು ಬಾಯಿ ಹಾಕಿದ. "ಅಮೆರಿಕದಲ್ಲಿ ಡಾಕ್ಟರುಗಳು ತುಂಬ ಒಳ್ಳೆಯವರು ಆಂಟಿ. ಪ್ರಪಂಚಕ್ಕೇ ಫಸ್ಟು."

"ಬಾವಿ ನೀರು ಸಿಹಿ ಇದ್ರೆ ಬಂತೇನಪ್ಪ? ಬಿಂದಿಗೆ ಇಳಿಸೋಕ್ಕೆ ಕಾವಲುಗಾರನ್ನ ಕೇಳ್ಬೇಕಂತೆ, ಅವನು ಪಿಟೀಲು ಹಾಕಿ ಕೂತವ್ನೆ!"

ನಾನು ಹೊಟ್ಟೆಕಿಚ್ಚಿನಿಂದ ಆಡಿದ ಮಾತಲ್ಲ ಅದು. ಇಲ್ಲಿಗೆ ಬಂದ ಹೊಸದರಲ್ಲಿ, ಹೆರಿಗೆಗೆ ಬಹಳ ಮುಂಚೆಯೇ, ನಾನು ಒದ್ದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದೆ. ಈ ದೇಶದವಳಲ್ಲ, ವೀಸಾದ ಮೇಲೆ ಬಂದ ಮುದುಕಿ. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ಹೇಗೆ ಬಿದ್ದಿರಿ ಎಂದು. ಪೆಟ್ಟಾಗಿ ಬಂದವರು ನೆಂಟರಾದರೂ ಸರಿ, ದಾರಿಹೋಕರಾದರೂ ಸರಿ, ಖರ್ಚು ಇಲ್ಲಿನವರೆಲ್ಲ ಸೇರಿ ಕಟ್ಟಿದ ಸರ್ಕಾರದ ಹಣದ್ದು. ಪಟ್ಟು ಹಾಕಿ ಕಳಿಸಿದರು. ಮಗಳ ಹೆರಿಗೆಯೂ ಹಾಗೆಯೇ ಆಯಿತು, ಸೂಲಗಿತ್ತಿ ಮನೆಗೇ ಬಂದು ಕೂಸನ್ನು ತೂಗಿ ಹೋಗುತ್ತಾಳೆ. ಇಲ್ಲಿ ಎಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ಮಂಡಿ ಆಪರೇಷನ್ನಿಗೆ ಸರದಿ ಕಾದು ಕಾದು ಸೊರಗಿದವರಿದ್ದಾರೆ. ಹಲ್ಲು ಕೀಳಿಸಬೇಕಾದರೆ ಕೈ ಸುಡುತ್ತದೆ. ಪೆಟ್ಟಲ್ಲದೆ ಕಾಯಿಲೆ ಬಂದರೆ, ಹೊರಗಿನವಳಾದ ನಾನೇ ಕೊಡಬೇಕು. ಆದರೆ ರಕ್ತ ಸೋರುವ ಕೈಯನ್ನು ಹಿಡಿದುಕೊಂಡು, ಹೋಗಲೋ ಬೇಡವೋ ಎಂದು ಲೆಕ್ಕ ಹಾಕುತ್ತ ಕೂತವರನ್ನು ಇಲ್ಲಿ ಕಂಡಿಲ್ಲ.

ಕೂಸನ್ನು ಎತ್ತಿ ಎದೆಗೊತ್ತಿಕೊಂಡೆ. "ನೋಡು, ನೀನು ಕಾರು ಹತ್ತೋವರೆಗೂ ಇವಳನ್ನ ತೊಟ್ಟಿಲಿಗೆ ಹಾಕೋದಿಲ್ಲ."

"ಅಮ್ಮಾ! ಹೊತ್ತು ಮೀರುತ್ತೆ!"

"ಮೀರ್ಲಿ. ನಿನ್ನ ಬೆರಳಿಗೂ ಮೀರ್ತಾ ಇದೆ."

ಚಿಕ್ಕವಳು ಕೂತಲ್ಲಿಂದಲೇ ಕೂಗಿದಳು: "ಅಕ್ಕ, ಅಮ್ಮನ ಹಟ ಗೊತ್ತಲ್ಲ ನಿಂಗೆ? ನನ್ನ ಮಗಳು ಹೆಸರಿಲ್ದೇ ಸ್ಕೂಲಿಗೆ ಹೋಗ್ತಾಳೆ. ಎದ್ದೇಳು!"

ಎದ್ದಳು. ಅಳಿಯ ಆ ಪಿಟೀಲಿನ ಫೋನನ್ನು ಕಿವಿಗೆ ಹಿಡಿದುಕೊಂಡೇ ಬೀಗದ ಕೈ ಹುಡುಕಿದ. ಅವಳು ಕಾರಿನೊಳಗೆ ಕೂತು ಬೆಲ್ಟು ಹಾಕಿದ್ದನ್ನು ಕಣ್ಣಾರೆ ಕಂಡಮೇಲೆ ನಾನು ಕೂಸನ್ನು ಮಲಗಿಸಿದೆ. ಹೆಂಗಸರು ಜೋಗುಳ ಎತ್ತಿದರು. ದೊಡ್ಡಮ್ಮ ಓಡುವ ಕಾರಿನಲ್ಲಿ ಅಳುತ್ತ ಕೇಳಿಸಿಕೊಂಡಳು.

ಎರಡು ಬೆರಳೂ ಉಳಿದವು. ಒಳಗಿನ ದಾರ ಹೊಲಿದ ಡಾಕ್ಟರು ನಿಜಕ್ಕೂ ದೊಡ್ಡವರು, ಅವರ ಕೈ ತಣ್ಣಗಿರಲಿ. ಆಮೇಲೆ ಬೆರಳಿಗೆ ದಿನವೂ ವ್ಯಾಯಾಮ ಆಗಬೇಕು, ಕಲಿಸುವವರ ಹತ್ತಿರ ಬಹಳ ಸಲ ಹೋಗಬೇಕು ಎಂದು ಬರೆದುಕೊಟ್ಟರು. ಕೆಲವು ಸಲ ಹೋದಳು. ಇನ್ಶೂರೆನ್ಸಿನವರು ಇನ್ನು ಸಾಕು ಅಂದರು. ಬೆರಳುಗಳು ಆಗ ಅರ್ಧ ಮಾತ್ರ ಬಗ್ಗುತ್ತಿದ್ದವು. ಕೈ ಮುಟ್ಟದ, ಮುಖ ನೋಡದ ಯಾರೋ ಎಲ್ಲೋ ಕೂತು ನನ್ನ ಮಗಳಿಗೆ ಅರ್ಧ ಬೆರಳು ಸಾಕು ಎಂದು ತೀರ್ಮಾನಿಸಿದರು! ಡಾಕ್ಟರ ಮಾತು ನಡೆಯದ ಜಾಗಕ್ಕೆ ಆಸ್ಪತ್ರೆ ಎಂಬ ಹೆಸರೇಕೆ? ಮೈ ಎಂಬುದು ಎಲ್ಲರಿಗೂ ಇದೆ, ಇವತ್ತು ಜಾರದವನು ನಾಳೆ ಜಾರುತ್ತಾನೆ. ಎಲ್ಲರೂ ಒಂದು ಕಡೆ ಹಾಕಿ, ಬಿದ್ದವರನ್ನು ಎತ್ತಿದರೆ ಮುಗಿಯಿತು. ಅಷ್ಟು ಸಿರಿವಂತ ದೇಶಕ್ಕೆ ಇದು ಹೊಳೆಯದೆ ಹೋಯಿತೇ? ಹೊಳೆದಿರುತ್ತದೆ. ಹೊಳೆಯದ ಹಾಗೆ ಇರುವುದರಲ್ಲಿ ಯಾರಿಗೋ ಲಾಭ.

ನರ್ಸಮ್ಮ ತಮ್ಮ ಆಸ್ಪತ್ರೆಯಲ್ಲಿ ಬಲ್ಲವರನ್ನು ಕೇಳಿ ವ್ಯಾಯಾಮ ತಿಳಿದುಕೊಂಡು ಬಂದರು. ಈಗ ದಿನಾ ಕೂಸಿಗೆ ನೀರು ಹಾಕಿ ಮಲಗಿಸಿದ ಮೇಲೆ ನಾನು ಫೋನು ಹಿಡಿದು ಕೂರುತ್ತೇನೆ. ದೊಡ್ಡವಳು ಹಲ್ಲು ಕಚ್ಚಿಕೊಂಡು ಬೆರಳು ಮಡಚುತ್ತಾಳೆ.

ನಿನ್ನೆ ಕಣ್ಣಲ್ಲಿ ನೀರು ತಂದುಕೊಂಡು, "ಇವತ್ತಿಗೆ ಸಾಕಮ್ಮ" ಅಂದಳು.

"ಸಾಕು ಅನ್ನೋಕೆ ನೀನೇನ್ ಇನ್ಶೂರೆನ್ಸಿನವಳೇನೆ? ಮಡಚು, ಇನ್ನೊಂದ್ಸಲ."