ಕಾಯಲು ಕೊಟ್ಟ ಎರಡು ವರ್ಷ

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅಂಜಿನಯ್ಯನ ಕೈಕೆಲಸ ಎಷ್ಟು ನಯವೋ ಹಠ ಅಷ್ಟೇ ಒರಟು. ಹೊಲಿಗೆ ಕಲಿಯುವ ವಿಷಯಕ್ಕೆ ಅತ್ತೆಯೊಂದಿಗೆ ಜಗಳವಾಗಿ ಹೆಂಡತಿ ಯಶೋದಮ್ಮ ಕೆಂಗೇರಿಯ ತವರಿಗೆ ಹೋದಾಗ, "ಹೋದೋಳಿಗೆ ಬರೋ ದಾರಿ ಗೊತ್ತಿದೆ" ಎಂದು ಸುಮ್ಮನಾದ. ಮೂರನೇ ವರ್ಷ, ೧೯೫೫ರಲ್ಲಿ, ಹೊಸ ಹಿಂದೂ ವಿವಾಹ ಕಾಯಿದೆ ಬಂದದ್ದೇ ತಡ, ಬೇರೆಯಾಗಲು ಕೋರ್ಟಿಗೆ ಹೋದ.

ಐವತ್ತಾರರಲ್ಲಿ ತೀರ್ಪು ಬಂತು. ಎಲ್ಲಾ ಮುಗಿಯಿತು ಎಂದುಕೊಂಡವನಿಗೆ ವಕೀಲ ಶ್ಯಾಮಸುಂದರ ಹೇಳಿದರು: "ಇದು ಬೇರೆ ಇರೋದಕ್ಕೆ ಅಪ್ಪಣೆ ಅಷ್ಟೇ ಕಣಯ್ಯ, ಮದುವೆ ಮುರಿದಿಲ್ಲ. ಎರಡು ವರ್ಷ ನೀವಿಬ್ಬರೂ ಕೂಡಿ ಬಾಳದಿದ್ರೆ ಆಮೇಲೆ ವಿಚ್ಛೇದನಕ್ಕೆ ಅರ್ಜಿ. ಅದು ಸಿಕ್ಕಮೇಲೂ ಇನ್ನೊಂದು ಮದುವೆಗೆ ವರ್ಷ ಕಾಯಬೇಕು."

"ಅಷ್ಟೊಂದು ಯಾಕೆ ಸಾರ್?"

"ಮನಸ್ಸು ಬದಲಾದೀತು ಅಂತ."

ಮರುವರ್ಷ ಒಂದು ಮಧ್ಯಾಹ್ನ ಯಶೋದಮ್ಮನ ಅಣ್ಣ ದೊಡ್ಡಣ್ಣ ಕಾರ್ಖಾನೆ ಗೇಟಿಗೆ ಬಂದ. "ಯಶೋದೆಗೆ ಟೈಫಾಯ್ಡ್ ಜ್ವರ ಭಾವ. ನಿಮ್ಮನ್ನೇ ಕೇಳ್ತಾಳೆ. ಒಂದ್ಸಲ ಬಂದು ಹೋಗಿ."

ಹೋದರೆ ಎರಡು ವರ್ಷದ ಗಡುವು ಕೆಡುತ್ತದೆಯೇ ಎಂದು ಅಂಜಿನಯ್ಯ ವಕೀಲರನ್ನು ಕೇಳಿದ. "ನೋಡ್ಕೊಂಡು ಬಂದ್ರೆ ಏನೂ ಕೆಡಲ್ಲ, ಹೋಗಿ ಬಾ" ಎಂದರು. ಆದರೂ ಹೋಗಲಿಲ್ಲ. ನಾಲ್ಕು ಭಾನುವಾರ ಮಡಿ ಅಂಗಿ ತೊಟ್ಟು, ಕೆಂಗೇರಿಗೆಂದು ಹೊರಟು ಮಾಗಡಿ ರಸ್ತೆಯವರೆಗೆ ನಡೆದ, ನಾಲ್ಕು ಸಲವೂ ಹಿಂದಿರುಗಿದ.

ಐವತ್ತೆಂಟರಲ್ಲಿ ಮತ್ತೆ ಕೋರ್ಟು. ಯಶೋದಮ್ಮನ ತಲೆಯ ಮೇಲಿನ ಸೆರಗು ಜಾರಿತು. ಸೊಂಟ ಮುಟ್ಟುತ್ತಿದ್ದ ಕೂದಲು ಜ್ವರಕ್ಕೆ ಉದುರಿ, ಮತ್ತೆ ಬೆಳೆದದ್ದು ಭುಜಕ್ಕೂ ಬಂದಿರಲಿಲ್ಲ. ಜ್ವರ ಎಂಥದ್ದಿತ್ತು ಎಂಬುದು ಅವನಿಗೆ ಆಗ ಅರ್ಥವಾಯಿತು. ಇನ್ನೂ ಕೂಡಿ ಬಾಳುವ ಮನಸ್ಸಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಅಂಜಿನಯ್ಯ ಯಶೋದಮ್ಮನ ಕಡೆ ನೋಡಿದ. ಅವಳೇ ಹೇಳಿದಳು: "ಮಲಗಿದ್ದಾಗ ಒಂದು ತಿಂಗಳು ಬಾಗಿಲು ನೋಡ್ದೆ ಸ್ವಾಮಿ. ಈಗ ನೋಡ್ತಾ ಇಲ್ಲ."

ವಿಚ್ಛೇದನ ಆಯಿತು. ತಾಯಿ ಹೆಣ್ಣು ಹುಡುಕತೊಡಗಿದಳು. "ಇನ್ನೂ ವರ್ಷ ಇದೆ" ಎಂದು ತಳ್ಳಿಹಾಕಿ, ಅಂಜಿನಯ್ಯ ಒಂದು ದಿನ ಕೆಂಗೇರಿಗೆ ಹೋದ. ಜಗಲಿಯಲ್ಲಿ ಮಿಷನ್ ಹಾಕಿಕೊಂಡು ಅವಳು ರವಿಕೆ ಹೊಲಿಯುತ್ತಿದ್ದಳು. ಎದ್ದು ಚೊಂಬಿನಲ್ಲಿ ನೀರು ಕೊಟ್ಟು, ಮತ್ತೆ ಹೊಲಿಗೆಗೆ ಕೂತಳು.

"ಆವತ್ತೇ ಬರಬೇಕಿತ್ತು ನಾನು."

"ಹೂಂ, ಬರಬೇಕಿತ್ತು" ಎಂದಳು, ಬಟ್ಟೆಯಿಂದ ಕಣ್ಣೆತ್ತದೆ. "ಈಗ ಹೊರಡಿ. ಜನ ಏನೇನೋ ಅಂತಾರೆ."

ವರ್ಷ ತುಂಬಿತು. ಇನ್ನು ಮದುವೆಗೆ ಅಡ್ಡಿಯಿಲ್ಲ ಎಂದು ವಕೀಲರು ಹೇಳಿಕಳಿಸಿದರು. ಅಂಜಿನಯ್ಯ ಮದುವೆಯಾಗಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ, ಹೆಂಡತಿ ತವರಿಗೆ ಹೋದಳೆಂದು ಮುಖ ಊದಿಸಿಕೊಂಡಿದ್ದರೆ, ರಜೆ ಚೀಟಿ ತಾನೇ ಬರೆದು, ಮೇಸ್ತ್ರಿಯ ಸಹಿ ಹಾಕಿಸಿ ತಂದು ಕೈಗಿಡುತ್ತಿದ್ದ. "ಇವತ್ತೇ ಹೋಗು" ಎನ್ನುತ್ತಿದ್ದ, ಅಷ್ಟೇ.