ಮಂಡಕ್ಕಿಯೊಳಗಿನ ಕಬ್ಬಿಣ

ನೀಲಮ್ಮ ಟೀಚರ್ ಬಾಚಣಿಗೆಯನ್ನು ತಲೆಗಿಂತ ಬೇರೆ ಕೆಲಸಕ್ಕೇ ಹೆಚ್ಚು ಬಳಸುತ್ತಿದ್ದರು. ಗಂಡಸರು ಜೇಬಿನಲ್ಲಿ ಇಟ್ಟುಕೊಳ್ಳುವಂಥ ಕರಿ ಪ್ಲಾಸ್ಟಿಕ್ ಬಾಚಣಿಗೆ ಅದು. ಚಳಿಗಾಲದ ಒಣ ಬೆಳಗಿನಲ್ಲಿ ನಮ್ಮ ಓಣಿಯ ನಳದ ಕೆಳಗೆ ಕೊಡ ಇಟ್ಟು, ನೀರು ಸಣ್ಣಗೆ ಬಿಟ್ಟು, ಅದನ್ನು ನರೆಗೂದಲಿಗೆ ನಾಲ್ಕು ಸಲ ಎಳೆದು, ಧಾರೆಯ ಹತ್ತಿರ ಹಿಡಿಯುವರು. ನೀರು ಬಳುಕಿ ಅವರ ಕಡೆ ಬಾಗುತ್ತಿತ್ತು.

"ಟೀಚರ್ರೀ, ಆಟ ಆಮ್ಯಾಲ ಆಡ್ರಿ, ನಳ ನಿಂತಗಿಂತೀತು!" ಎಂದು ಹಿಂದಿನವರು ಗೊಣಗುವರು.

"ನಾ ಕರದ್ರ ಬರ್ತೈತಿ, ನೀವು ಕರದ್ರ ಬರಂಗಿಲ್ಲ. ಅದಕ್ಕ ನಿಮಗ ಹೊಟ್ಟಿಕಿಚ್ಚು" ಎನ್ನುವರು ಅವರು.

ಹೊಸಪೇಟೆಯಲ್ಲಿ ಹಗಲೂ ರಾತ್ರಿ ಅದಿರು ಲಾರಿಗಳು ಓಡುತ್ತಿದ್ದ ಕಾಲ. ನಮ್ಮವರು ಸಂಡೂರಿನ ಗಣಿಯಲ್ಲಿ ಸೂಪರ್‌ವೈಸರ್. ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ನಮಗೆ ಮಕ್ಕಳಿಲ್ಲ. ಉಳಿದ ದಿನಗಳಲ್ಲಿ ಬೆಳಿಗ್ಗೆ ಕೆಂಪು ಧೂಳು ಒರೆಸುವುದು, ಸಂಜೆ ಮತ್ತೆ ಒರೆಸುವುದು, ಇಷ್ಟೇ ನನ್ನ ಕೆಲಸ. ಟೀಚರ್ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಸಂಜೆ ಧಾರಾವಾಹಿ ನೋಡಲು ನಮ್ಮಲ್ಲಿಗೆ ಬರುವರು. ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಚಹಾ ಕುಡಿಯುವರು, ಊಟಕ್ಕೆ ಏಳುವವರಲ್ಲ. ಧಾರಾವಾಹಿ ಮುಗಿಯಿತೋ, ಚಪ್ಪಲಿ ಮೆಟ್ಟಿ ಹೊರಟರು. ಆ ಅರ್ಧ ತಾಸಿಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಧೂಳು ಎಲ್ಲಕ್ಕಿಂತ ಹೆಚ್ಚು ಕೂರುತ್ತಿದ್ದುದು ಟಿ.ವಿ. ಗಾಜಿನ ಮೇಲೆ. ಅದಿರಿನ ಧೂಳೆಂದರೆ ಕಬ್ಬಿಣ, ಟಿ.ವಿ. ಒಳಗೆ ಮ್ಯಾಗ್ನೆಟ್ ಇದೆ, ಅದಕ್ಕೇ ಎಳೆಯುತ್ತದೆ ಎಂದು ಓಣಿಗೆ ಓಣಿಯೇ ನಂಬಿತ್ತು. ಒಂದು ಭಾನುವಾರ ನಮ್ಮವರು ಹಳೆಯ ಸ್ಪೀಕರಿನ ಮ್ಯಾಗ್ನೆಟ್ ತಂದು, ಧೂಳೆಲ್ಲ ಇದಕ್ಕೆ ಹತ್ತಲಿ ಎಂದು ಟಿ.ವಿ.ಯ ಪಕ್ಕಕ್ಕೆ ಆನಿಸಿದರು. ಧೂಳು ಅಲ್ಲಾಡಲಿಲ್ಲ. ಧಾರಾವಾಹಿಯ ಸೊಸೆಯ ಮುಖ ಮಾತ್ರ ಹಸಿರಾಯಿತು.

ಟೀಚರ್ ಸೆರಗು ಬಾಯಿಗಿಟ್ಟು ನಕ್ಕರು. "ಅದನ್ನ ಮೊದಲು ತಗೀರಿ ಅಣ್ಣಾರ, ಆಕಿಗೆ ಕಾಮಾಲಿ ಬಂದೈತಿ." ಮುಂದಿದ್ದ ತಟ್ಟೆಯಿಂದ ಒಂದು ಮಂಡಕ್ಕಿ ಕಾಳು ತೆಗೆದು, ನನ್ನ ಹೊಲಿಗೆ ಡಬ್ಬಿಯ ದಾರಕ್ಕೆ ಕಟ್ಟಿ, ಗಾಜಿನ ಮುಂದೆ ಇಳಿಬಿಟ್ಟರು. ಕಾಳು ತಟ್ಟನೆ ಹೋಗಿ ಗಾಜಿಗೆ ಅಂಟಿತು.

"ಈಗ ಹೇಳ್ರಿ, ಮಂಡಕ್ಕಿಯೊಳಗೂ ಕಬ್ಬಿಣ ಐತೇನು?"

ನಮ್ಮವರು, "ಸಂಡೂರು ಧೂಳು ಬಿದ್ದ ಮಂಡಕ್ಕಿ, ಇದ್ರೂ ಇರಬಹುದ್ರಿ" ಎಂದು ಮೀಸೆ ಉಳಿಸಿಕೊಂಡರು.

ಮರುದಿನ ನಾನೊಬ್ಬಳೇ ಇದ್ದಾಗ ಟೀಚರನ್ನು ಕೇಳಿದೆ. "ಗಾಜಿನ್ಯಾಗ ಕರೆಂಟು ಐತಿ, ಸರಿ. ಮಂಡಕ್ಕ್ಯಾಗ ಏನೂ ಇಲ್ಲಲ್ರಿ. ಏನೂ ಇಲ್ಲದ್ದು ಯಾಕ ಹೋಗಿ ಅಂಟ್ತೈತಿ?"

"ಏನೂ ಇಲ್ಲ ಅನ್ನಬ್ಯಾಡ್ರಿ ರತ್ನಮ್ಮಾ. ಎರಡೂ ನಮೂನಿ ಕರೆಂಟು ಸಮಸಮ ಅದಾವ, ಅದಕ್ಕ ಖಾಲಿ ಕಂಡಂಗ ಕಾಣ್ತೈತಿ. ಬಾಜೂಕ ಯಾರರ ಬಂದಾಗ, ಅವರಿಗೆ ಬೇಕಾದದ್ದು ಈ ಕಡೆ ಸರಿತೈತಿ, ಬ್ಯಾಡಾದದ್ದು ಆ ಕಡೆ. ಹತ್ತಿರದ್ದರ ಸೆಳೆತ ಜಾಸ್ತಿ, ಅದಕ್ಕ ಅಂಟ್ತೈತಿ."

ಚಾಕಲೇಟಿನ ಬೇಗಡೆಯನ್ನು ಉಂಡೆ ಮಾಡಿ, ಮಂಡಕ್ಕಿಯ ಪಕ್ಕ ಇನ್ನೊಂದು ದಾರಕ್ಕೆ ಕಟ್ಟಿದರು. ತಲೆ ಬಾಚಿ ಬಾಚಣಿಗೆ ತಂದಾಗ ಎರಡೂ ಹಾರಿಬಂದವು. ಬೇಗಡೆ ಬಾಚಣಿಗೆಯನ್ನು ಮುಟ್ಟಿದ್ದೇ ತಡ, ಒದ್ದಂತೆ ದೂರ ಸರಿಯಿತು. ಮಂಡಕ್ಕಿ ಅಂಟಿಕೊಂಡೇ ಇತ್ತು.

"ಬೇಗಡಿ ಲೋಹ. ಒಳಗ ಈ ತುದಿಯಿಂದ ಆ ತುದಿತನಕ ಓಡಾಡಾಕ ದಾರಿ ಐತಿ. ಮುಟ್ಟಿದ ಕೂಡ್ಲೇ ಈ ಬಾಚಣಿಗಿದ್ದೇ ಗುಣ ಅದಕ್ಕೂ ಬಂತು. ಒಂದೇ ಗುಣ ಆತಂದ್ರ ದೂಡ್ತಾವ. ಮಂಡಕ್ಕ್ಯಾಗ ಓಡಾಡಾಕ ಬರಂಗಿಲ್ಲ, ಕುಂತಲ್ಲೇ ಸ್ವಲ್ಪ ಹೊಳ್ಳಿ ಕುಂದರ್ತೈತಿ, ಅಷ್ಟ."

"ಹಂಗಾರ ನಾ ಮಂಡಕ್ಕಿ ಬಿಡ್ರಿ" ಎಂದೆ. ಇಬ್ಬರೂ ನಕ್ಕೆವು. ಏನೂ ಇಲ್ಲ ಅನ್ನಬ್ಯಾಡ್ರಿ ಎಂದಿದ್ದು ಮಾತ್ರ, ಪಾತ್ರೆ ತೊಳೆಯುವಾಗಲೂ ನನ್ನ ಕಿವಿಯಲ್ಲಿತ್ತು.

ಮುಂದಿನ ವರ್ಷ ಅವರ ಮನೆ ಮಾಲೀಕ ಲಾರಿ ಕೊಂಡ. ಮನೆ ಕೆಡವಿ ಲಾರಿ ನಿಲ್ಲಿಸಲು ಜಾಗ ಮಾಡುತ್ತೇನೆ, ಬಿಟ್ಟುಕೊಡಿ ಎಂದ. ಟೀಚರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ನಾನು ನಮ್ಮವರನ್ನು ಕೇಳಿ ಒಪ್ಪಿಸಿ, ಸಂಜೆ ಅವರು ಬಂದಾಗ ಎದೆ ಗಟ್ಟಿ ಮಾಡಿಕೊಂಡು ಹೇಳಿದೆ. "ನಮ್ಮ ಮುಂದಿನ ಕೋಣಿ ಖಾಲಿನೇ ಐತ್ರಿ. ಬಂದುಬಿಡ್ರಿ. ನನಗೂ ಜೊತಿ ಆಗ್ತೈತಿ."

ಟೀಚರ್ ಚಹಾದ ಲೋಟ ಕೆಳಗಿಟ್ಟರು. ಟಿ.ವಿ. ತನ್ನಷ್ಟಕ್ಕೆ ಮಾತಾಡುತ್ತಿತ್ತು.

"ಅಣ್ಣನ ಮನ್ಯಾಗ ಇದ್ದು ನೋಡೀನ್ರಿ. ಹಬ್ಬಕ್ಕ ಹೋದಾಗ ಕೈ ಹಿಡದು ಇಲ್ಲೇ ಇರು ಅಂತಿದ್ರು. ಇದ್ದೆ. ಆಮ್ಯಾಲ ಒಬ್ಬರ ಮಾರಿ ಒಬ್ಬರು ನೋಡದಂಗ ಆತು. ನಿಮ್ಮನ್ನೂ ಕಳಕೊಳ್ಳಾಕ ನನಗ ಧೈರ್ಯ ಇಲ್ಲ."

"ನಾ ಬೇಗಡಿ ಅಲ್ರಿ ಟೀಚರ್, ಮಂಡಕ್ಕಿ. ಅಂಟಿಕೊಂಡೇ ಇತ್ತಲ್ಲ ಅದು!"

ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕರು. "ನೀವು ಮಂಡಕ್ಕಿ ಹೌದು. ನಾ ಬೇಗಡಿ ಅಲ್ಲೇನ್ರಿ?"

ಕಂಪ್ಲಿಯಲ್ಲಿ ಒಂದು ಕೋಣೆ ಹಿಡಿದರು. ಬಸ್ ಸ್ಟ್ಯಾಂಡಿನವರೆಗೆ ನಾನೇ ಆಟೋದಲ್ಲಿ ಬಿಟ್ಟು ಬಂದೆ. ಮೊದಮೊದಲು ತಿಂಗಳಿಗೊಮ್ಮೆ ಬಂದು ಅದೇ ಕುರ್ಚಿಯಲ್ಲಿ ಕೂತು ಹೋಗುವರು. ಆಮೇಲೆ ಮೊಣಕಾಲು ನೋವೆಂದರು. ನಾನೇ ಹೋಗಬೇಕೆಂದುಕೊಳ್ಳುತ್ತಿರುವಾಗ, ಅವರು ತೀರಿಕೊಂಡ ಸುದ್ದಿ ಎಲ್ಲ ಮುಗಿದ ಮೇಲೆ ಬಂತು.

ಈಗ ಲಾರಿಗಳಿಲ್ಲ. ನಮ್ಮವರು ಮನೆಯಲ್ಲೇ ಇರುತ್ತಾರೆ. ಗೋಡೆಗೆ ತೆಳುವಾದ ಹೊಸ ಟಿ.ವಿ. ಬಂದಿದೆ, ಅದಕ್ಕೆ ಅಷ್ಟು ಧೂಳು ಹತ್ತುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಮಡಚಬೇಕಾದ ಬಟ್ಟೆ ಬಿದ್ದಿರುತ್ತದೆ. ಚಳಿಗಾಲದ ಬೆಳಿಗ್ಗೆ ನಳ ಬಂದಾಗ, ಯಾರೂ ಇಲ್ಲದ್ದು ನೋಡಿ, ನೀರು ಸಣ್ಣಗೆ ಮಾಡಿ, ತಲೆ ಬಾಚಿದ ಬಾಚಣಿಗೆಯನ್ನು ಹತ್ತಿರ ಹಿಡಿಯುತ್ತೇನೆ. ಧಾರೆ ನನ್ನ ಕಡೆ ಬಾಗುತ್ತದೆ. ತಾಗಿದರೆ ಬಾಚಣಿಗೆ ಒದ್ದೆಯಾಗಿ ಎಳೆಯುವುದನ್ನೇ ಬಿಡುತ್ತದೆ ಎಂದು ಅವರು ಹೇಳಿದ್ದರು. ತಾಗುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.