ಮೈಕಮ್ಮ ಬಾಯಿಬಿಡದ ಗುಟ್ಟು

ಬಸ್ ನಿಲ್ದಾಣದ ಮೊದಲ ಮಹಡಿಯಲ್ಲಿ, ಗಾಜಿನ ಕಿಟಕಿಯ ಕಿರುಕೋಣೆಯೊಂದರಲ್ಲಿ, ಒಂದೇ ಮೈಕಿನ ಮುಂದೆ ಮೂವತ್ತೊಂದು ವರ್ಷ ಕೂತವಳು ಮೈಕಮ್ಮ. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ಎಷ್ಟು ನಿಮಿಷ ತಡ, ಯಾರ ಕೊಡೆ ಕಚೇರಿಯಲ್ಲಿ ಬಿದ್ದಿದೆ, ಯಾರ ಮಗು ಅಳುತ್ತ ಕೂತಿದೆ, ಎಲ್ಲವೂ ಊರಿಗೆ ತಿಳಿಯುತ್ತಿದ್ದದ್ದು ಅವಳ ಬಾಯಿಂದಲೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅಷ್ಟು ವರ್ಷ ಒಂದೇ ಕೆಲಸ ಮಾಡಿದರೆ ಅದು ಮೈಗೆ ಹತ್ತಿಬಿಡುತ್ತದೆ. ಕಣ್ಣಿಗೆ ಅಂಕಿ ಬಿದ್ದರೆ ಸಾಕು, ಅದು ತಲೆಗೆ ಹೋಗುವ ಮೊದಲೇ ಮೈಕಮ್ಮನ ಬಾಯಿಗೆ ಬಂದಿರುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಮನೆಗಳ ಬಾಗಿಲ ಸಂಖ್ಯೆ ಓದುತ್ತಿದ್ದಳು, ಅಂಗಡಿಯಲ್ಲಿ ಬೆಲೆಚೀಟಿ ಓದುತ್ತಿದ್ದಳು. ಒಮ್ಮೆ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತು, ತನ್ನ ತೂಕವನ್ನು ಗ್ರಾಂ ಸಮೇತ ಇಡೀ ಹಜಾರಕ್ಕೆ ಪ್ರಕಟಿಸಿ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದಳು. ಇನ್ನು ಗುಟ್ಟಿನ ಮಾತಂತೂ ಕೇಳಲೇಬೇಡಿ. ನಿಲ್ದಾಣದಲ್ಲಿ ಬಸ್ಸು ನಿಲ್ಲುವಷ್ಟು ಹೊತ್ತೂ ಗುಟ್ಟು ಅವಳ ಹೊಟ್ಟೆಯಲ್ಲಿ ನಿಂತದ್ದಿಲ್ಲ.

ಗಂಡ ಇದಕ್ಕೆ ತದ್ವಿರುದ್ಧ. ಅವನು ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಸ್ಕ್ರೂಗಳನ್ನು ತುಟಿಗಳ ನಡುವೆ ಹಿಡಿದುಕೊಂಡು ಬಾಗಿ ಕೂತರೆ ಮಧ್ಯಾಹ್ನದ ಊಟಕ್ಕೇ ಅವನು ಬಾಯಿ ತೆರೆಯುತ್ತಿದ್ದದ್ದು. ದಿನಕ್ಕೆ ನಲವತ್ತು ಮಾತಾಡಿದರೆ ಹೆಚ್ಚು. ಉಳಿದದ್ದನ್ನು ಹೆಂಡತಿ ಆಡುತ್ತಾಳೆ ಎಂಬ ಭರವಸೆ ಅವನಿಗಿತ್ತು.

ನಿವೃತ್ತಿಯ ಹಣ ಒಂದೇ ಗಂಟಾಗಿ ಬ್ಯಾಂಕಿನ ಖಾತೆಗೆ ಬಂದು ಕೂತಾಗ, ಮೈಕಮ್ಮನಿಗೆ ಫೋನಿನಲ್ಲಿ ಬ್ಯಾಂಕು ನಡೆಸುವುದನ್ನು ಕಲಿಸಿದವಳು ನಾದಿನಿ. ಗಂಡನ ತಂಗಿ, ಪಕ್ಕದ ಮನೆಯಲ್ಲೇ ಇರುವವಳು, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಊರಿನವರ ರಕ್ತದಲ್ಲಿ ಏನೇನಿದೆ ಎಂದು ಗೊತ್ತಿದ್ದೂ ತುಟಿಪಿಟಿಕ್ ಎನ್ನದವಳು. ಅವಳು ಬ್ಯಾಂಕಿನ ಆ್ಯಪ್ ಹಾಕಿಕೊಟ್ಟಳು. ಜೊತೆಗೆ ಮನೆಖರ್ಚಿನ ಲೆಕ್ಕ ಇಡುವ ಇನ್ನೊಂದು ಆ್ಯಪ್ ಬೇಕೆಂದಾಗ, ಗೆಳತಿಯೊಬ್ಬಳು ಕಳಿಸಿದ್ದ ಲಿಂಕನ್ನು ಮೈಕಮ್ಮ ತೋರಿಸಿದಳು. ಅದು ಬ್ಯಾಂಕಿನ ಪಾಸ್‌ವರ್ಡು ಕೊಡಿ, ಫೋನಿನಲ್ಲಿರುವ ಎಲ್ಲರ ನಂಬರು ನೋಡಲು ಬಿಡಿ ಎಂದು ಕೇಳುತ್ತಿತ್ತು. ಬರೀ ಲೆಕ್ಕ ಬರೆಯೋ ಪುಸ್ತಕಕ್ಕೆ ನಮ್ಮನೆ ಬೀಗದ ಕೈ ಯಾಕಂತೆ ಎಂದು ನಾದಿನಿ ಅದನ್ನು ಅಲ್ಲಿಂದಲೇ ಅಳಿಸಿಹಾಕಿ, ಏನನ್ನೂ ಕೇಳದ, ಖರ್ಚನ್ನು ನಾವೇ ಬರೆಯಬೇಕಾದ ಬೇರೊಂದನ್ನು ಹುಡುಕಿಕೊಟ್ಟಳು.

ಆ ಆ್ಯಪ್‌ನಲ್ಲಿ ತಿಂಗಳ ಖರ್ಚೆಲ್ಲ ಒಂದು ಬಣ್ಣದ ಚಕ್ರವಾಗಿ ಕಾಣುತ್ತಿತ್ತು. ತರಕಾರಿಗೆ ಹಸಿರು, ಕರೆಂಟಿಗೆ ನೀಲಿ, ಔಷಧಿಗೆ ಕೆಂಪು. ಮೈಕಮ್ಮನಿಗೆ ಅದರ ಹುಚ್ಚೇ ಹಿಡಿಯಿತು. ದಿನಕ್ಕೆ ಹತ್ತು ಸಲ ತೆಗೆದು ನೋಡುವಳು. ಹಾಲಿನವನಿಗೂ ತೋರಿಸಿದಳು. ಮೂವತ್ತೊಂದು ವರ್ಷ ದುಡಿದದ್ದು ಎಲ್ಲಿ ಹೋಯಿತು ಎಂದು ಯೋಚಿಸಿದ್ದುಂಟು, ಆದರೆ ಅದು ಹೋಗುವ ದಾರಿ ಇಷ್ಟು ಚೆಂದವಾಗಿರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಎರಡನೇ ತಿಂಗಳು ಖಾತೆಯ ಪಟ್ಟಿ ನೋಡಿಕೊಂಡು ಒಂದೊಂದೇ ಸಾಲು ಆ್ಯಪ್‌ಗೆ ಏರಿಸುತ್ತಿದ್ದಾಗ, ಚಕ್ರದಲ್ಲಿ ಒಂದು ಗುಲಾಬಿ ತುಂಡು ದಪ್ಪವಾಗುತ್ತ ಹೋಯಿತು. ಬೇಕರಿ. ಪ್ರತಿ ಗುರುವಾರ, ಸಂಜೆ ನಾಲ್ಕೂವರೆ. ಖಾತೆ ಇಬ್ಬರದ್ದೂ ಜಂಟಿ. ಅವಳಂತೂ ಬೇಕರಿಯ ಮೆಟ್ಟಿಲು ಹತ್ತಿದವಳಲ್ಲ. ಗಂಡನಿಗೋ ಸಕ್ಕರೆ ಕಾಯಿಲೆ. ಪ್ರತಿ ಗುರುವಾರ ಸಂಜೆ ಅವನು ಗಡಿಯಾರದ ಸ್ಪ್ರಿಂಗ್ ತರಲು ಪೇಟೆಗೆ ಹೋಗುತ್ತಿದ್ದದ್ದು ಆಗ ನೆನಪಾಯಿತು.

ಅವಳು ಫೋನನ್ನು ಅವನ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರದ ಪಕ್ಕ ಇಟ್ಟಳು. ಅವನು ಭೂತಗನ್ನಡಿಯಲ್ಲೇ ಗುಲಾಬಿ ತುಂಡನ್ನು ನೋಡಿದ. ತುಟಿಯಿಂದ ಮೂರು ಸ್ಕ್ರೂಗಳನ್ನು ಒಂದೊಂದಾಗಿ ತೆಗೆದಿಟ್ಟ.

"ಈ ಆ್ಯಪ್ ತೆಗೆದುಬಿಡು ಕಣೇ," ಎಂದ.

ಮೈಕಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕುಳಿತಳು. ಕೊನೆಗೆ ತಿಂಗಳಿಗೆ ಒಂದೇ ಸಲ, ಅದೂ ಅರ್ಧ ತುಂಡು ಕೇಕು ಎಂದು ರಾಜಿಯಾಯಿತು. ಬೇಕರಿಗೆ ಅಷ್ಟೇ ಎಂದು ಆ್ಯಪ್‌ನಲ್ಲಿ ಮಿತಿ ಹಾಕಿದಳು, ಅದು ದಾಟಿದರೆ ಫೋನು ಕೂಗಿಕೊಳ್ಳುತ್ತಿತ್ತು. ಅಣ್ಣನ ರಕ್ತದಲ್ಲಿ ಸಕ್ಕರೆ ಯಾಕೆ ಇಳಿಯುವುದಿಲ್ಲ ಎಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ ನಾದಿನಿ, ವಿಷಯ ಕೇಳಿ, ನನ್ನ ಮಷೀನು ಕಂಡುಹಿಡಿಯದ್ದನ್ನ ನಿಮ್ಮ ಫೋನು ಕಂಡುಹಿಡಿಯಿತಲ್ಲ ಅತ್ತಿಗೆ ಎಂದಳು.

ಇಷ್ಟೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆ ಇದ್ದದ್ದು ಬಾಯಿಯಲ್ಲಿ. ಅಂಗಡಿಯಲ್ಲಿ ಫೋನಿನಿಂದ ಹಣ ಕೊಡುವಾಗ ನಾಲ್ಕು ಅಂಕಿಯ ಪಿನ್ ಒತ್ತಬೇಕಲ್ಲ, ಮೈಕಮ್ಮನ ಬೆರಳು ಒತ್ತುವುದಕ್ಕೆ ಮುಂಚೆ ಬಾಯಿ ಅದನ್ನು ಹೇಳಿ ಮುಗಿಸುತ್ತಿತ್ತು. ಅದೂ ಪಿಸುಮಾತಲ್ಲ, ಏಳನೇ ಪ್ಲಾಟ್‌ಫಾರಂನ ಕೊನೆಯ ಬೆಂಚಿಗೂ ಕೇಳಿಸುವ, ಒಂದೊಂದು ಅಂಕಿಯ ನಡುವೆ ಹದವಾಗಿ ಬಿಡುವು ಕೊಡುವ ದನಿ. ಅವಳಿಗೆ ಇದರ ಅರಿವೇ ಇರಲಿಲ್ಲ. ಒಂದು ದಿನ ತರಕಾರಿ ಅಂಗಡಿಯಲ್ಲಿ ಬೆರಳು ಜಾರಿ ಪಿನ್ ತಪ್ಪಾಯಿತು. ಅವಳು ಹುಬ್ಬುಗಂಟಿಕ್ಕಿ ನೋಡುತ್ತಿರುವಾಗ, ಸಾಲಿನಲ್ಲಿ ಹಿಂದೆ ನಿಂತಿದ್ದ ಅಪರಿಚಿತ ಮುದುಕರೊಬ್ಬರು ಬಲು ವಿನಯದಿಂದ, "ಕೊನೇದು ಆರಲ್ಲಮ್ಮ, ಒಂಬತ್ತು," ಎಂದರು.

ತರಕಾರಿಯವಳು ತಕ್ಕಡಿ ಬಿಟ್ಟು ನಕ್ಕಳು. ನನಗೂ ಅದು ಬಾಯಿಪಾಠವಾಗಿದೆ, ಎದುರಿನ ಬಟ್ಟೆ ಇಸ್ತ್ರಿಯವನಿಗೂ ಗೊತ್ತಿದೆ, ಹೇಳಿದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಇಬ್ಬರೂ ಸುಮ್ಮನಿದ್ದೆವು ಎಂದಳು. ಮೈಕಮ್ಮ ಅಲ್ಲೇ ನಿಂತು ಪಿನ್ ಬದಲಾಯಿಸಿದಳು. ಬದಲಾಯಿಸುವಾಗ ಹೊಸದನ್ನೂ ಹೇಳಿದಳು. ಒಂದು ವಾರದಲ್ಲಿ ಮೂರು ಪಿನ್ ಬದಲಾದವು, ಮೂರೂ ಬೀದಿಯ ಪಾಲಾದವು.

ಉಪಾಯ ಹೇಳಿದವನು ಗಂಡ. ತುಟಿಯಲ್ಲಿ ಸ್ಕ್ರೂ ಇದ್ದರೆ ಮಾತು ಬರುವುದಿಲ್ಲ ಎಂದು ಅವನ ಅನುಭವ. ಸ್ಕ್ರೂ ಕೊಟ್ಟರೆ ನುಂಗಿಬಿಡುತ್ತೇನೆ ಎಂದು ಇವಳು. ಹಾಗಾದರೆ ಬಾಯಿ ತುಂಬ ನೀರು ತುಂಬಿಕೋ ಎಂದ. ತಮಾಷೆಗೆ ಅಂದದ್ದೋ ನಿಜಕ್ಕೂ ಅಂದದ್ದೋ, ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಆದರೆ ಮೈಕಮ್ಮ ಪ್ರಯತ್ನಿಸಿ ನೋಡಿದಳು. ಗುಟುಕು ನೀರು ಬಾಯಲ್ಲಿಟ್ಟುಕೊಂಡು ಪಿನ್ ಒತ್ತಿದಳು. ಗಂಟಲಿನಲ್ಲಿ ಗುಳುಗುಳು ಎಂದಿತೇ ಹೊರತು ಅಂಕಿ ಹೊರಬೀಳಲಿಲ್ಲ. ಅಂದಿನಿಂದ ಚೀಲದಲ್ಲಿ ಒಂದು ಪುಟ್ಟ ನೀರಿನ ಬಾಟಲಿ ಸೇರಿಕೊಂಡಿತು.

ಇದರಿಂದ ಒಂದು ಅನಾಹುತವೂ ಆಯಿತೆನ್ನಿ. ಔಷಧಿ ಅಂಗಡಿಯಲ್ಲಿ ಕೆನ್ನೆ ಉಬ್ಬಿಸಿಕೊಂಡು ಫೋನು ಒತ್ತುತ್ತಿದ್ದವಳನ್ನು ನೋಡಿ, ಅಂಗಡಿಯವನು ಕರುಣೆಯಿಂದ ಹಲ್ಲುನೋವೇ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾತಾಡಲಿಕ್ಕೂ ಆಗದಷ್ಟು ನೋವಿದೆ ಎಂದುಕೊಂಡ ಅವನು ಎರಡು ಮಾತ್ರೆ, ಒಂದು ಮುಲಾಮು ತೆಗೆದು ಮುಂದಿಟ್ಟು, ಬಿಸಿನೀರಿನ ಶಾಖ ಕೊಡುವ ವಿಧಾನವನ್ನು ಅಭಿನಯಿಸಿ ತೋರಿಸತೊಡಗಿದ. ಮೈಕಮ್ಮ ತಡೆದಳು, ತಡೆದಳು, ಕೊನೆಗೆ ಕಾರಂಜಿ ಚಿಮ್ಮಿತು. ಬಿಲ್ ಪುಸ್ತಕ, ಮುಲಾಮಿನ ಡಬ್ಬಿ, ಅಂಗಡಿಯವನ ಕನ್ನಡಕ ಎಲ್ಲ ತೊಯ್ದುಹೋದವು. ಕ್ಷಮೆ ಕೇಳುತ್ತ ಸೆರಗಿನಿಂದ ಮೇಜು ಒರೆಸಿದಳು. ಆದರೂ ಪಿನ್ ಮಾತ್ರ ಹೊರಬಿದ್ದಿರಲಿಲ್ಲ. ಮನೆಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಆ ಕರೆ ಬಂದದ್ದು ಒಂದು ಬುಧವಾರ ಬೆಳಗ್ಗೆ ಹತ್ತರ ಸುಮಾರಿಗೆ. ಮೈಕಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕರೆಂಟ್ ಬಿಲ್ ಕಟ್ಟುವ ತಯಾರಿಯಲ್ಲಿದ್ದಳು. ಬಾಯಿ ತುಂಬ ನೀರು ತುಂಬಿಕೊಂಡದ್ದಷ್ಟೇ, ಫೋನು ಹೊಡೆದುಕೊಂಡಿತು. ಎತ್ತಿದಳು. ಬೆಣ್ಣೆಯಂಥ ದನಿ. ನಿಮ್ಮ ಬ್ಯಾಂಕಿನ ಭದ್ರತಾ ವಿಭಾಗದಿಂದ ಮಾತಾಡುತ್ತಿದ್ದೇನೆ, ನಿಮ್ಮ ಖಾತೆಗೆ ಯಾರೋ ಕೈಹಾಕಿದ್ದಾರೆ, ಹತ್ತು ನಿಮಿಷದಲ್ಲಿ ತಡೆಯದಿದ್ದರೆ ಇದ್ದದ್ದೆಲ್ಲ ಹೋಗುತ್ತದೆ ಎಂದಿತು ಆ ದನಿ. ಅವಳ ನಿಜವಾದ ಹೆಸರನ್ನೂ, ಹುಟ್ಟಿದ ದಿನವನ್ನೂ ತಪ್ಪಿಲ್ಲದೆ ಹೇಳಿತು.

ಗಾಬರಿಯಲ್ಲಿ ಮೈಕಮ್ಮನಿಗೆ ಬಾಯಲ್ಲಿರುವ ನೀರನ್ನು ನುಂಗಬೇಕೆಂಬುದೇ ಮರೆತುಹೋಯಿತು. "ಉಂ," ಎಂದಳು.

ಆ ಕಡೆಯವನು ಅದನ್ನು ಒಪ್ಪಿಗೆ ಎಂದುಕೊಂಡ. "ಗಾಬರಿ ಆಗ್ಬೇಡಿ ಮೇಡಂ. ಈಗ ಆರು ಅಂಕಿಯ ಒಂದು ಓಟಿಪಿ ಬರುತ್ತೆ. ಅದನ್ನ ಓದಿ ಹೇಳಿ, ಸಾಕು. ಉಳಿದದ್ದು ನಾವು ನೋಡ್ಕೋತೀವಿ."

ಫೋನು ಟಿಣ್ ಎಂದಿತು. ಆರು ಅಂಕಿ ಬಂದೇಬಿಟ್ಟವು. ಅವಳ ಬಾಯಿ ತಾನೇ ತಾನಾಗಿ ಓದಲು ಹೊರಟಿತು, ಗಂಟಲು ಗುಳುಗುಳು ಎಂದಿತು, ಕೆನ್ನೆ ಕುಣಿಯಿತು, ಅಂಕಿ ಹೊರಗೆ ಬರಲಿಲ್ಲ. ಬಾಯಿಗೆ ಕೆಲಸವಿಲ್ಲದೆ ಹೋದದ್ದರಿಂದ ಕಣ್ಣು ಮುಂದಕ್ಕೆ ನಡೆಯಿತು. ಇಷ್ಟು ದಿನ ಬಂದ ಓಟಿಪಿಗಳಲ್ಲೆಲ್ಲ ಅವಳು ಓದುತ್ತಿದ್ದದ್ದು ಅಂಕಿಗಳನ್ನು ಮಾತ್ರ. ಅದರ ಅಕ್ಕಪಕ್ಕ ಅಕ್ಷರಗಳೂ ಇರುತ್ತವೆಂದು ಅವತ್ತೇ ಗಮನಿಸಿದ್ದು. ಖಾತೆಯಲ್ಲಿದ್ದ ಹೆಚ್ಚುಕಡಿಮೆ ಅಷ್ಟೂ ಹಣವನ್ನು ಒಂದು ಹೊಸ ಖಾತೆಗೆ ಕಳಿಸಲು ಈ ಸಂಖ್ಯೆ ಎಂದಿತ್ತು. ಇದನ್ನು ಯಾರಿಗೂ ಹೇಳಬೇಡಿ, ಬ್ಯಾಂಕು ಇದನ್ನು ಎಂದೂ ಕೇಳುವುದಿಲ್ಲ ಎಂದೂ ಇತ್ತು.

"ಮೇಡಂ, ಲೈನಲ್ಲಿದ್ದೀರಾ? ಟೈಮಿಲ್ಲ ಮೇಡಂ, ಬೇಗ ಹೇಳಿ."

ಬೇಗ ಎಂಬ ಆ ಮಾತಿಗೆ ಮೈಕಮ್ಮ ಪೂರ್ತಿ ಎಚ್ಚರಾದಳು. ಬೇಗ ಬೇಗ ಎಂದು ಅವಸರಪಡಿಸುವವರ ಮಾತು ಕೇಳಿ ತಪ್ಪು ಬಸ್ಸು ಹತ್ತಿದವರನ್ನು ಅವಳು ಗಾಜಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದಳು. ನಿಧಾನವಾಗಿ ನೀರು ನುಂಗಿದಳು. ಗಂಟಲು ಸರಿಮಾಡಿಕೊಂಡಳು. ನಿವೃತ್ತಿಯಾದಮೇಲೆ ಎಂದೂ ತೆಗೆಯದಿದ್ದ ಪೂರ್ಣ ದನಿಯನ್ನು ತೆಗೆದಳು.

"ಪ್ರಯಾಣಿಕರ ಗಮನಕ್ಕೆ. ನೀವು ಕಾಯುತ್ತಿರುವ ಓಟಿಪಿ ಇಂದು ಬರುವುದಿಲ್ಲ. ನಾಳೆಯೂ ಬರುವುದಿಲ್ಲ. ದಯವಿಟ್ಟು ಯಾರೂ ಕಾಯಬಾರದಾಗಿ ವಿನಂತಿ."

ಆ ಕಡೆಯವನು, ಬಹುಶಃ ಅಭ್ಯಾಸಬಲದಿಂದ, "ಸರಿ ಮೇಡಂ," ಎಂದು ಫೋನಿಟ್ಟ.

ಮುಂದಿನ ಕೋಣೆಯಿಂದ ಗಂಡ, ಬಾಯಲ್ಲಿದ್ದ ಸ್ಕ್ರೂಗಳನ್ನು ನೆಲಕ್ಕೆ ಉದುರಿಸಿಕೊಂಡು, ಓಡಿಬಂದ. ಮಧ್ಯಾಹ್ನದ ಪಾಳಿಗೆ ತಯಾರಾಗುತ್ತಿದ್ದ ನಾದಿನಿ ಗೋಡೆಯಾಚೆಯಿಂದಲೇ ಕೇಳಿಸಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಬಂದಳು. ಮೈಕಮ್ಮ ನಗುತ್ತಲೇ ಫೋನನ್ನು ಅವರ ಮುಂದೆ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು.

ನಾದಿನಿ ಕೂರಲು ಬಿಡಲಿಲ್ಲ. ಬಂದ ನಂಬರಿಗೆ ತಿರುಗಿ ಫೋನು ಮಾಡಬಾರದು, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೇ ಮಾಡಬೇಕು ಎಂದು ಹೇಳಿ ಬ್ಯಾಂಕಿಗೆ ಮಾಡಿಸಿದಳು. ಅಲ್ಲಿಯವರು ಖಾತೆಯನ್ನು ತಡೆಹಿಡಿದು, ಒಂದು ಕಾಸೂ ಹೋಗಿಲ್ಲ ಎಂದು ಖಾತ್ರಿಪಡಿಸಿದರು. ಆಮೇಲೆ ನಾದಿನಿ ವಿಚಾರಣೆಗೆ ಕುಳಿತಳು. ಕಳ್ಳ ಓಟಿಪಿಯ ಬಾಗಿಲವರೆಗೆ ಬಂದನೆಂದರೆ ಹೊರಗೇಟು ದಾಟಿದ್ದಾನೆ ಎಂದರ್ಥ, ಪಾಸ್‌ವರ್ಡು ಅವನಿಗೆ ಸಿಕ್ಕಿದ್ದು ಹೇಗೆ? ಮೈಕಮ್ಮ ಸೆರಗಿನ ತುದಿ ಸುರುಳಿ ಸುತ್ತುತ್ತ ಒಪ್ಪಿಕೊಂಡಳು. ಹಳೆಯ ಹಾಡು ಕೇಳುವ ಯಾವುದೋ ಸೈಟಿಗೆ ಸೇರುವಾಗ ಪಾಸ್‌ವರ್ಡು ಕೇಳಿತ್ತು. ಎರಡೆರಡು ನೆನಪಿಟ್ಟುಕೊಳ್ಳುವುದು ಯಾಕೆಂದು ಬ್ಯಾಂಕಿನದ್ದನ್ನೇ ಕೊಟ್ಟಿದ್ದಳು. ಜೊತೆಗೆ ಹುಟ್ಟಿದ ದಿನವನ್ನೂ.

"ಅತ್ತಿಗೆ, ಮನೆಗೂ ಬೀರುವಿಗೂ ಪಕ್ಕದ ಬೀದಿಯ ಹಾಡಿನ ಅಂಗಡಿಗೂ ಒಂದೇ ಬೀಗದ ಕೈ ಇಟ್ಟಿದ್ದೀರಲ್ಲ," ಎಂದಳು ನಾದಿನಿ. ಬೈದದ್ದು ಅಷ್ಟೇ.

ಮಧ್ಯಾಹ್ನ ಗಂಡ ಹೆಂಡತಿ ದೂರು ಕೊಡಲು ಪೊಲೀಸ್ ಠಾಣೆಗೆ ಹೋದರು. ಬರೆದುಕೊಳ್ಳುತ್ತಿದ್ದ ಪೇದೆಯಮ್ಮ, ಅವನು ಹಾಗೆಂದಾಗ ನೀವೇನು ಹೇಳಿದಿರಿ ಎಂದು ಕೇಳಿದಳು. ಮೈಕಮ್ಮ ಇದ್ದದ್ದನ್ನು ಇದ್ದ ದನಿಯಲ್ಲೇ ಹೇಳಿದಳು. ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ಜೇಬುಗಳ್ಳತನಕ್ಕೆ ಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದ್ದವನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಇನ್ನೊಂದು ಸಲ ಹೇಳಿ ಎಂದು ಇನ್ಸ್‌ಪೆಕ್ಟರ್ ಕೇಳಿದ್ದು ದೂರಿಗಾಗಿಯಂತೂ ಅಲ್ಲ.

ಮರುದಿನ ಎಲ್ಲ ಹೊಸದಾಯಿತು. ಒಂದೊಂದು ಕಡೆಗೆ ಒಂದೊಂದು ಪಾಸ್‌ವರ್ಡು, ಅವನ್ನೆಲ್ಲ ಕಾದಿಡಲು ಒಂದು ಆ್ಯಪ್, ಅದನ್ನು ತೆರೆಯಲು ಒಂದು ದೊಡ್ಡ ಪಾಸ್‌ವರ್ಡು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಪದ ಜೋಡಿಸಿ, ಬರೆದಿಡಬೇಡಿ, ನನಗೂ ಹೇಳಬೇಡಿ, ಅಣ್ಣನಿಗಂತೂ ಹೇಳಲೇಬೇಡಿ ಎಂದಳು ನಾದಿನಿ. ಮೈಕಮ್ಮ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡು, ಅರ್ಧ ಗಂಟೆ ಯೋಚಿಸಿ, ನಾಲ್ಕು ಪದ ಜೋಡಿಸಿಕೊಂಡು ಹೊರಗೆ ಬಂದಳು. ಪದಗಳಲ್ಲಿ ಅಂಕಿಯಿಲ್ಲದ್ದರಿಂದ ಬಾಯಿ ತೆಪ್ಪಗಿತ್ತು.

ಬದುಕಿನಲ್ಲಿ ಮೊದಲ ಸಲ ಯಾರಿಗೂ ಗೊತ್ತಿಲ್ಲದ್ದು ಅವಳ ಹತ್ತಿರ ಒಂದಿತ್ತು. ಅದೆಂಥ ಸುಖ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಾತ್ರೆ ತೊಳೆಯುವಾಗ ನೆನೆದು ನಗುವಳು, ಬಟ್ಟೆ ಒಣಹಾಕುವಾಗ ನೆನೆದು ನಗುವಳು. ತರಕಾರಿಯವಳು ಏನಕ್ಕಾ ವಿಶೇಷ ಎಂದು ಕೇಳಿದರೆ ಏನಿಲ್ಲಪ್ಪ ಎಂದು ಟೊಮೆಟೊ ಆರಿಸುವಳು.

ತಡೆಯಲಾಗದೆ ಹೋದವನು ಗಂಡ. ಮದುವೆಯಾದಂದಿನಿಂದ ಕೇಳದೆಯೇ ಎಲ್ಲವನ್ನೂ ಕೇಳಿಸಿಕೊಂಡವನಿಗೆ, ಕೇಳಿದರೂ ಹೇಳದ ಹೆಂಡತಿ ಹೊಸಬಳಾಗಿ ಕಂಡಳು. ಮೊದಲ ದಿನ ಸುಮ್ಮನಿದ್ದ. ಎರಡನೇ ದಿನ, ಬಸ್ಸಿನ ಊರುಗಳೇ ಎಂದು ಕೇಳಿದ. ಮೂರನೇ ದಿನ ಹೂವುಗಳೇ, ಪಾತ್ರೆಗಳೇ, ಪಕ್ಕದ ಮನೆ ಬೆಕ್ಕೇ ಎಂದು ಒಂದೇ ಉಸಿರಿನಲ್ಲಿ ಕೇಳಿದ. ವಾರ ಕಳೆಯುವುದರೊಳಗೆ ದಿನಕ್ಕೆ ನಲವತ್ತು ಮಾತಿನ ಲೆಕ್ಕ ಬೆಳಗಿನ ತಿಂಡಿಗೇ ಮುಗಿದುಹೋಗುತ್ತಿತ್ತು. ನೀನು ಹೇಳಬೇಡ, ಮೊದಲಕ್ಷರ ಮಾತ್ರ ಸನ್ನೆ ಮಾಡು ಎಂದು ಗೋಗರೆಯುವಷ್ಟಕ್ಕೆ ಬಂದ. ಗಿರಾಕಿಗಳು ಗಡಿಯಾರ ಕೊಡಲು ಬಂದರೆ ಅವರನ್ನೂ ಕೂರಿಸಿಕೊಂಡು, ನಾಲ್ಕು ಪದ ಆರಿಸು ಅಂದರೆ ಸಾಮಾನ್ಯವಾಗಿ ಹೆಂಗಸರು ಏನು ಆರಿಸುತ್ತಾರೆ ಎಂದು ಅಭಿಪ್ರಾಯ ಕೇಳುತ್ತಿದ್ದ.

ಒಂದು ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದರು. ಅವನು ಬಹಳ ಹೊತ್ತು ಲೋಟ ತಿರುಗಿಸುತ್ತಿದ್ದು, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ.

"ಪದ ಹೇಳ್ಬೇಡ. ಆ ನಾಲ್ಕರಲ್ಲಿ ನಾನಿದೀನಾ, ಅಷ್ಟು ಹೇಳು."

ಮೈಕಮ್ಮ ಅವನ ಮುಖ ನೋಡಿದಳು. ನಗು ಉಕ್ಕಿ ಬಂತು. ಟೀ ಚೆಲ್ಲದಂತೆ ಲೋಟವನ್ನು ಪಕ್ಕಕ್ಕಿಟ್ಟಳು.

"ನಾಳೆ ಕೇಳಿ," ಎಂದಳು.

ಮರುದಿನ ಅವನು ಹಲ್ಲುಜ್ಜುವ ಮೊದಲೇ ಬಂದು ಕೇಳಿದ.